ಹೊಟ್ಟೆ ಸೀಳದ ಧ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಊರಿಗೊಬ್ಬ ಲಿನಕ್ಸ್ ಅಕ್ಷರವೈದ್ಯ ಇರುತ್ತಾನೆ. ವಿಂಡೋಸಿನ ಭಾರಕ್ಕೆ ಏದುಸಿರು ಬಿಡುತ್ತಿದ್ದ ಹಳೆ ಕಂಪ್ಯೂಟರಿಗೆ ಉಬುಂಟು ಹಾಕಿಕೊಟ್ಟವನು ಇವನೇ. ಹಾಕಿದ ಮೇಲೆ ಬ್ರೌಸರಿನಲ್ಲಿ ಕನ್ನಡ ಬಾತುಕೊಂಡು ಕಂಡರೆ, ಕರೆಯದಿದ್ದರೂ ಬಂದು ಕೂರುವವನೂ ಇವನೇ. ಬನಹಟ್ಟಿಯ ನೇಕಾರ ಮದುವೆಮನೆಯಲ್ಲಿ ಸೀರೆ ಉಟ್ಟವರ ಮುಖ ಬಿಟ್ಟು ಅಂಚು ನೋಡುವ ಹಾಗೆ, ಇವನು ಸುದ್ದಿ ಬಿಟ್ಟು ಒತ್ತಕ್ಷರ ನೋಡುತ್ತಾನೆ. ಕೃಷ್ಣೆಗೆ ಪ್ರವಾಹ ಬಂದಿದೆ ಎಂದು ತೋರಿಸಿದರೆ, ಕೃ ಕೆಳಗಿನ ವಟ್ರಸುಳಿ ಪಕ್ಕದ ಸಾಲಿಗೆ ತಾಗಿದ್ದು ಅವನಿಗೆ ಮೊದಲು ಕಾಣುತ್ತದೆ. "ಹಿಂಟಿಂಗ್ ಜಾಸ್ತಿ ಆಗೇತ್ರಿ" ಎಂದು ನಾಡಿ ಹಿಡಿದವರಂತೆ ಹೇಳಿ ಕರಿ ಪರದೆ ತೆರೆಯುತ್ತಾನೆ. ಮನೆಯವರು ಚಹಾ ಎರಡನೇ ಸಲ ಕಾಯಿಸುತ್ತಾರೆ.

"ಓದಾಕ ಬರತೈತಲ್ಲ, ಸಾಕು ಬಿಡ್ರಿ" ಎನ್ನುವವರು ಊರ ತುಂಬ ಇದ್ದಾರೆ. ಅವರ ಮಾತು ಇಂಗ್ಲಿಷಿಗೆ ಸಲ್ಲಬಹುದು, ಕನ್ನಡಕ್ಕೆ ಸಲ್ಲುವುದಿಲ್ಲ. ನಮ್ಮಲ್ಲಿ ದ ಮತ್ತು ಧ ನಡುವೆ ಇರುವುದು ಒಂದು ಸೀಳು ಮಾತ್ರ. ಕನ್ನಡ ಶಾಲೆಯ ಮಾಸ್ತರರು ಹೊಟ್ಟೆ ಸೀಳು ಅಂತಲೇ ಕಲಿಸಿದ್ದು. ಉಬುಂಟು, ಡೆಬಿಯನ್‌ಗಳ ಕನ್ನಡ ಕಟ್ಟಿನಲ್ಲಿ ಬರುವ ಲೋಹಿತ್, ಗುಬ್ಬಿ, ನವಿಲು ಮೂರೂ ಫಾಂಟ್‌ಗಳಿಗೆ ಇರುವುದು ಸಾದಾ ರೂಪ ಒಂದೇ, ದಪ್ಪ ರೂಪ ಇಲ್ಲ. ಆದರೆ ಸುದ್ದಿಯ ತಲೆಬರಹ ದಪ್ಪವಾಗಿಯೇ ಬೇಕು ಎಂದು ಪುಟ ಕೇಳುತ್ತದೆ. ಆಗ ಯಂತ್ರವೇ ಸಾದಾ ಅಕ್ಷರದ ಗೆರೆಗಳನ್ನು ಉಬ್ಬಿಸಿ ಸುಳ್ಳು ದಪ್ಪ ಮಾಡುತ್ತದೆ. ಉಬ್ಬಿದಾಗ ಸಣ್ಣ ಸಂದುಗಳೆಲ್ಲ ತುಂಬಿಕೊಳ್ಳುತ್ತವೆ, ಮೊದಲು ಹೋಗುವುದು ಆ ಸೀಳೇ. ಆಲಮಟ್ಟಿ ಹಿನ್ನೀರಿಗೆ ನೆಲ ಕೊಟ್ಟ ಬೀಳಗಿ ತಾಲ್ಲೂಕಿನಲ್ಲಿ 'ಪರಿಹಾರಧನ' ಎಂಬ ತಲೆಬರಹ 'ಪರಿಹಾರದನ'ವಾಗಿ ಕಂಡರೆ, ಸರ್ಕಾರ ಈ ಸಲ ಎಮ್ಮೆ ಕೊಡುತ್ತದೋ ಆಕಳು ಕೊಡುತ್ತದೋ ಎಂದು ಕೇಳುವವರನ್ನು ತಪ್ಪು ಅನ್ನಲಾದೀತೇ? ರೋಗ ಇದೆ. ವೈದ್ಯನ ಕಣ್ಣು ಸುಳ್ಳಲ್ಲ.

ಪುಕ್ಕಟೆ ಸಿಕ್ಕ ಲಿನಕ್ಸ್ ಅಂದರೆ ಹಿಂಗೇ ಎಂಬ ಇನ್ನೊಂದು ಮಾತಿದೆ. ಅದರಲ್ಲಿ ಅರ್ಧ ಸತ್ಯವಿತ್ತು, ಆದರೆ ಕಾರಣ ಬಡತನವಲ್ಲ, ಪೇಟೆಂಟು. ಟ್ರೂಟೈಪ್ ಅಕ್ಷರವನ್ನು ಪರದೆಯ ಚೌಕಳಿಗೆ ಕೂರಿಸುವ ಹಿಂಟಿಂಗ್ ಎಂಬ ವಿದ್ಯೆ ಆಪಲ್ ಕಂಪನಿಯ ಹಕ್ಕಿನಲ್ಲಿತ್ತು. ಲಿನಕ್ಸಿನಲ್ಲಿ ಅಕ್ಷರ ಬಿಡಿಸುವ ಫ್ರೀಟೈಪ್ ಅದನ್ನು ಮುಚ್ಚಿಟ್ಟುಕೊಂಡೇ ಬದುಕಬೇಕಾಯಿತು. 2010ರ ಮೇ ತಿಂಗಳಲ್ಲಿ ಹಕ್ಕಿನ ಅವಧಿ ಮುಗಿಯಿತು, ಅದೇ ವರ್ಷ ಫ್ರೀಟೈಪ್ 2.4ರಲ್ಲಿ ಬಾಗಿಲು ತೆರೆಯಿತು. ಒತ್ತು, ಗುಣಿತ ಜೋಡಿಸುವ ಕೆಲಸವನ್ನು ಈಗ ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲೂ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ನಮ್ಮ ವೈದ್ಯನ ಚೀಟಿ ಇನ್ನೂ ಆ ಹಳೆ ಕಾಲದ್ದು. ಹಿಂಟಿಂಗ್ ಪೂರ್ತಿ ಏರಿಸು, ಇಳಿಸು, ಬಣ್ಣದ ಅಂಚು ಹಾಕು, ತೆಗಿ, ಪ್ರತಿ ಸಲವೂ "ಈಗ ನೋಡ್ರಿ, ಫರಕ್ ಕಾಣ್ತದಲ್ಲ?" ಎಂಬ ಪ್ರಶ್ನೆ. ಕಾಣುವುದಿಲ್ಲ ಎಂದರೆ ಕನ್ನಡಕದ ನಂಬರು ಕೇಳುತ್ತಾನೆ. ನಿಜವಾಗಿ ಬೇಕಾದ್ದು ಎರಡೇ ಕೆಲಸ: ದಪ್ಪ ರೂಪವೂ ಇರುವ ನೋಟೋ ಸಾನ್ಸ್ ಕನ್ನಡ ಹಾಕುವುದು, ಕನ್ನಡಕ್ಕೆ ಮೊದಲು ಅದನ್ನೇ ತೆಗೆದುಕೋ ಎಂದು ಫಾಂಟ್‌ಕಾನ್ಫಿಗ್‌ಗೆ ಬರೆದಿಡುವುದು. ಪುಟ ಕೇಳಿದ ಫಾಂಟ್ ಯಂತ್ರದಲ್ಲಿ ಇಲ್ಲದಾಗ ಬದಲಿ ಯಾರು ಎಂದು ತೀರ್ಮಾನಿಸುವುದು ಅದೇ. ಎಫ್‌ಸಿ-ಮ್ಯಾಚ್ ಎಂಬ ಒಂದು ಆಜ್ಞೆ ಕೊಟ್ಟರೆ ಈಗಿನ ಬದಲಿ ಯಾರೆಂದು ಹೆಸರು ಹೇಳುತ್ತದೆ. ಅಷ್ಟು ಸಲೀಸಾಗಿ ಮುಗಿದರೆ ವೈದ್ಯನಿಗೆ ಮರ್ಯಾದೆ ಎಲ್ಲಿ ಉಳಿಯಿತು!

ಈಗ ಎಲ್ಲರೂ ಮೊಬೈಲಿನಲ್ಲೇ ಓದುತ್ತಾರೆ, ಆಂಡ್ರಾಯ್ಡ್‌ನಲ್ಲಿ ನೋಟೋ ಮೊದಲೇ ಇದೆ, ಪರದೆಯೂ ನುಣುಪು, ಇವನ ಅಂಗಡಿ ಮುಚ್ಚಿತು ಎಂದರೆ ಒಪ್ಪುವುದು ಕಷ್ಟ. ಅರ್ಜಿ ತುಂಬುವ, ಉತಾರ ತೆಗೆಯುವ ಮೇಜಿನ ಮೇಲೆ ಇನ್ನೂ ಹಳೆ ಮಾನಿಟರೇ ಕೂತಿರುತ್ತದೆ. ಹೆಸರಿನ ಒಂದಕ್ಷರ ತಪ್ಪಿದರೆ ಮತ್ತೆ ತಾಲ್ಲೂಕು ಕಚೇರಿಗೆ ಅಲೆಯಬೇಕು. ಅಂಗಡಿ ಬೇಕು. ಇವನ ಮೇಲಿನ ದೂರು ಬೇರೆ: ಇವನ ಕೈ ಬಿಗಿ. ಇಷ್ಟೆಲ್ಲ ಗುದ್ದಾಡಿ ಬರೆದ ಫಾಂಟ್ಸ್.ಕಾನ್ಫ್ ಕಡತವನ್ನು ಆ ಯಂತ್ರದ ಒಬ್ಬ ಬಳಕೆದಾರನ ಮನೆ ಫೋಲ್ಡರಿನಲ್ಲಿ ಇಟ್ಟು ಎದ್ದು ಹೋಗುತ್ತಾನೆ. ಅದೇ ಕಂಪ್ಯೂಟರಿನಲ್ಲಿ ಅಣ್ಣನ ಹೆಸರಿನಿಂದ ಒಳಹೊಕ್ಕರೆ ಪರಿಹಾರದನ ಮತ್ತೆ ಮೇಯುತ್ತಿರುತ್ತದೆ. ಇಡೀ ಯಂತ್ರಕ್ಕೆ ಸಲ್ಲುವ ಲೋಕಲ್.ಕಾನ್ಫ್ ಎಂಬ ಜಾಗ ಇದೆ ಎಂದು ಗೊತ್ತಿದ್ದೂ ಮುಟ್ಟುವುದಿಲ್ಲ, ದೋಷ ವರದಿ ಬರೆದು ಉಬುಂಟು ಮಾಡುವವರಿಗೆ ಕಳಿಸುವ ಮಾತಂತೂ ದೂರ. "ನಮ್ಮ ಮಾತು ಅವ್ರು ಯಾಕ ಕೇಳ್ತಾರ್ರೀ?" ಎನ್ನುತ್ತಾನೆ. ಅವನು ದಿನಾ ಬೈಯುವ ಗುಬ್ಬಿ, ನವಿಲು ಎರಡನ್ನೂ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟವರು ಅರವಿಂದ ವಿ.ಕೆ. ಎಂಬ ಕನ್ನಡಿಗರು. ಯಾರೂ ಕೇಳುವುದಿಲ್ಲ ಎಂದು ಅವರೂ ಕೂತಿದ್ದರೆ ಇವನಿಗೆ ಬೈಯಲು ಫಾಂಟೇ ಇರುತ್ತಿರಲಿಲ್ಲ. ಇದನ್ನು ಹೇಳಿದರೆ ಅವನು ಒಪ್ಪಿಕೊಂಡಂತೆ ತಲೆಯಾಡಿಸುತ್ತಾನೆ, ಆಮೇಲೆ ಗುಬ್ಬಿಯ ಣ ಸ್ವಲ್ಪ ಅಗಲವಾಯಿತು ಎನ್ನುತ್ತಾನೆ.