ಇನ್ನೊಂಚೂರು ದಪ್ಪ ಮಾಡಿ

ನವೆಂಬರ್ ಹತ್ತಿರ ಬಂತೆಂದರೆ ತಾಲೂಕು ಊರುಗಳ ಡಿಟಿಪಿ ಅಂಗಡಿಗಳಲ್ಲಿ ಒಬ್ಬರು ತಪ್ಪದೆ ಕಾಣಿಸಿಕೊಳ್ಳುತ್ತಾರೆ. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಪೆನ್‌ಡ್ರೈವು, ಹೆಗಲ ಮೇಲೆ ಹಳದಿ-ಕೆಂಪು ಶಲ್ಯ. ರಾಜ್ಯೋತ್ಸವ ಸಮಿತಿಯ ಸಂಚಾಲಕರು. ಆಪರೇಟರ್ ಹುಡುಗಿಯ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಮಾನಿಟರಿಗೆ ಬೆರಳು ಒತ್ತಿ ಅವರು ಆಡುವ ಮೊದಲ ಮಾತು, 'ಇದನ್ನ ಇನ್ನೊಂಚೂರು ದಪ್ಪ ಮಾಡಿ.' ಸಂಜೆ ಹೊತ್ತಿಗೆ ಆ ಪರದೆಯ ಮೇಲೆ ಪೊಲೀಸರಿಗೆ ಸಾಕಾಗುವಷ್ಟು ಬೆರಳಚ್ಚು.

ಮಾಡಬೇಕಾದದ್ದು ಒಂದು ಎ4 ಆಹ್ವಾನಪತ್ರಿಕೆ. 210 ಮಿಲಿಮೀಟರ್ ಅಗಲ, 297 ಉದ್ದ. ಅಷ್ಟರಲ್ಲಿ ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಮೂರು ಜನ ಉಪಾಧ್ಯಕ್ಷರು, ಪೆಂಡಾಲಿನವರು, ಎಲ್ಲರೂ ಕೂರಬೇಕು. ಸಂಚಾಲಕರ ಲೆಕ್ಕದಲ್ಲಿ ಅಕ್ಷರದ ಗಾತ್ರವೆಂದರೆ ಓದಲು ಅನುಕೂಲ ಅಲ್ಲ, ಮರ್ಯಾದೆ. ಅಧ್ಯಕ್ಷರು 20 ಪಾಯಿಂಟ್ ಆದರೆ ಉಪಾಧ್ಯಕ್ಷರು 18. 16 ಮಾಡಿದರೆ? 'ಸ್ಕೇಲಿಟ್ಟು ಅಳೀತಾನೆ ಅವನು, ನಿಮಗೆ ಗೊತ್ತಿಲ್ಲ.'

ಹುಡುಗಿ ಎಡಬಲ ಒಂದಿಷ್ಟು ಜಾಗ ಬಿಟ್ಟಿದ್ದಳು. ಅದು ಅವರ ಕಣ್ಣಿಗೆ ಬಿತ್ತು. 'ಪೂರ್ತಿ ಕಾಗದಕ್ಕೆ ದುಡ್ಡು ಕೊಡ್ತಿಲ್ವೇನಮ್ಮ?' ಬಿಟ್ಟ ಜಾಗ ಕಣ್ಣಿಗೆ ಉಸಿರಾಡಲು ಎಂದು ಅವಳು ವಿವರಿಸುವಷ್ಟರಲ್ಲಿ ಬಲಕ್ಕೊಂದು ನವಿಲು, ಎಡಕ್ಕೊಂದು ದೀಪದ ಕಂಬ, ನಡುವೆ ತಾಯಿ ಭುವನೇಶ್ವರಿ ಬಂದು ನಿಂತಾಗಿತ್ತು.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಎದ್ದು ಕಾಣಬೇಕಾದದ್ದನ್ನು ಕ್ಯಾಪಿಟಲ್ ಅಕ್ಷರದಲ್ಲಿ ಬರೆದು ಮುಗಿಸಬಹುದು. ಕನ್ನಡಕ್ಕೆ ಆ ಸೌಕರ್ಯ ಇಲ್ಲ. ಗಾತ್ರ, ದಪ್ಪ, ಬಣ್ಣ, ಸುತ್ತಲಿನ ಜಾಗ, ಇಷ್ಟರಲ್ಲೇ ಸಂಸಾರ ತೂಗಿಸಬೇಕು. ಆದರೆ ಸಂಚಾಲಕರು ಎಲ್ಲವನ್ನೂ ದಪ್ಪ ಮಾಡಿಸುತ್ತಾರೆ. ದಪ್ಪಗಿರುವವರ ಸಾಲಿನಲ್ಲಿ ಯಾರೂ ದಪ್ಪಗೆ ಕಾಣುವುದಿಲ್ಲ. ಆಗ ಅವರಿಗೆ ಔಟ್‌ಲೈನ್ ನೆನಪಾಗುತ್ತದೆ.

ಈ ಔಟ್‌ಲೈನ್ ಇದೆಯಲ್ಲ, ಅದು ಕೋರೆಲ್‌ಡ್ರಾದಲ್ಲಿ ಅರ್ಧ ಅಕ್ಷರದ ಹೊರಗೆ, ಅರ್ಧ ಒಳಗೆ ಹರಡುತ್ತದೆ. 'ಬಿಹೈಂಡ್ ಫಿಲ್' ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ ಒಳಗಿನ ಅರ್ಧ ಅಕ್ಷರದ ಮೈಯನ್ನೇ ತಿನ್ನುತ್ತದೆ. ಕನ್ನಡದಲ್ಲಿ ಮೊದಲು ಬಲಿಯಾಗುವುದು ಮಹಾಪ್ರಾಣ. ದ-ಗೂ ಧ-ಗೂ ಇರುವ ವ್ಯತ್ಯಾಸ ಬುಡದಲ್ಲಿನ ಒಂದು ಪುಟ್ಟ ಗೀಟು, ಒಂದನೇ ಕ್ಲಾಸಿನ ಮೇಷ್ಟ್ರು 'ಹೊಟ್ಟೆ ಸೀಳು' ಎನ್ನುತ್ತಿದ್ದರಲ್ಲ, ಅದೇ. ರ-ಗೂ ಠ-ಗೂ ನಡುವೆ ಇರುವುದು ಒಂದು ಚುಕ್ಕೆ. ಕೆಂಪು ಅಕ್ಷರಕ್ಕೆ ಹಳದಿ ಅಂಚು ದಪ್ಪಗೆ ಕೊಟ್ಟಾಗ ಗೀಟೂ ಹೋಯಿತು, ಚುಕ್ಕೆಯೂ ಹೋಯಿತು. ಸಂಚಾಲಕರು ಪ್ರೂಫಿನಲ್ಲಿ ಹೆಸರು ಮಾತ್ರ ನೋಡುವವರು. ಸಾವಿರ ಪ್ರತಿ ಅಚ್ಚಾಗಿ ಬಂದ ಮೇಲೆ ಊರಿಗೆ ಗೊತ್ತಾಯಿತು, ಕಾರ್ಯಕ್ರಮ ಮರದ ಆವರಣದಲ್ಲಿ, ಅದಕ್ಕೆ ಹಲವು ಮಹನೀಯರು ದನಸಹಾಯ ಮಾಡಿದ್ದಾರೆ. 'ಭಾವ ಅರ್ಥ ಆಗುತ್ತಲ್ಲ, ಬಿಡಿ' ಎಂದರು ಸಂಚಾಲಕರು.

ಹೆಸರುಗಳೆಲ್ಲ ಹಿಡಿಯಲಿಲ್ಲವೆಂದು ಸಾಲುಗಳನ್ನೂ ಒತ್ತಿಸಿದ್ದರು. ಪೇಜ್‌ಮೇಕರ್ ತಾನಾಗಿ ಬಿಡುವ ಸಾಲಂತರ ಅಕ್ಷರದ ಗಾತ್ರದ 120 ಪರ್ಸೆಂಟು. ಅದು ಇಂಗ್ಲಿಷಿನ ಅಳತೆ. ಕನ್ನಡದ ಒತ್ತಕ್ಷರಗಳಿಗೆ ನೆಲಮಾಳಿಗೆ ಬೇಕು. ಅಷ್ಟನ್ನೂ ಕಿತ್ತುಕೊಂಡ ಮೇಲೆ 'ರಾಷ್ಟ್ರ'ದ ಒತ್ತುಗಳು ಕೆಳಸಾಲಿನ 'ಕೀರ್ತಿ'ಯ ಗುಡಿಸಿನ ಮೇಲೆ ಕಾಲಿಟ್ಟು ನಿಂತವು. ಅಂದಹಾಗೆ ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತುಹೋದ ತಂತ್ರಾಂಶ. ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳ ಋಣಕ್ಕೆ ಬಿದ್ದು ನಮ್ಮ ಅಂಗಡಿಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ಮೊಳೆ ಜೋಡಿಸುವ ಕಾಲದಲ್ಲಿ ಈ ರಗಳೆ ಇಷ್ಟಿರಲಿಲ್ಲ. ಪ್ರೆಸ್ಸಿನವರ ಬಳಿ 12, 14, 18, 24 ಹೀಗೆ ಎಣಿಸಿದಷ್ಟು ಗಾತ್ರ. 'ಆ ಸೈಜಿನ ಮೊಳೆ ಇಲ್ಲ ಸ್ವಾಮಿ' ಎಂದರೆ ಅಧ್ಯಕ್ಷರಾದರೂ ಸುಮ್ಮನಾಗಬೇಕಿತ್ತು. ಈಗ ಮೌಸು ಎಳೆದರೆ ಅಕ್ಷರ ಹಿಗ್ಗುತ್ತದೆ, ಹೆಸರಿನವರೂ ಹಿಗ್ಗುತ್ತಾರೆ.

ಫೋಟೋದ ಕಥೆ ಚಿಕ್ಕದು. ವಾಟ್ಸ್ಆ್ಯಪಿನಲ್ಲಿ ಹತ್ತು ಕೈ ದಾಟಿ ಬಂದ, 600 ಪಿಕ್ಸೆಲ್ ಅಗಲದ ಅತಿಥಿಯ ಮುಖ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕೆಂದರೆ ಅದು ಎರಡಿಂಚಿಗೆ ಸರಿ. ಸಂಚಾಲಕರಿಗೆ ಬೇಕಾದದ್ದು ಆರಿಂಚು. ಅತಿಥಿ ಇಟ್ಟಿಗೆ ಜೋಡಿಸಿ ಕಟ್ಟಿದವರಂತೆ ಬಂದರು.

ಇಷ್ಟೆಲ್ಲ ಮುಗಿದ ಮೇಲೆ ದಿನಾಂಕ, ಸಮಯ, ಸ್ಥಳಕ್ಕೆ ಉಳಿದದ್ದು ಕೆಳಗಿನ ಒಂದು ಪಟ್ಟಿ. 8 ಪಾಯಿಂಟು, ನೇರಳೆಯ ಮೇಲೆ ನೀಲಿ. ಪತ್ರಿಕೆ ಹಂಚಿದ ಮರುದಿನದಿಂದ ಫೋನು. 'ಪತ್ರಿಕೆ ಬಂತು ಸಾರ್, ಬಹಳ ಗ್ರ್ಯಾಂಡಾಗಿದೆ. ಪ್ರೋಗ್ರಾಮು ಯಾವತ್ತು?' ಮೂವತ್ತನೆಯ ಕರೆಗೆ ಸಂಚಾಲಕರ ಗಂಟಲು ಕಟ್ಟಿತು. ಕೊನೆಗೆ ವಾಟ್ಸ್ಆ್ಯಪ್ ಗುಂಪಿಗೆ ತಾವೇ ಎರಡು ಸಾಲು ಟೈಪಿಸಿದರು: 'ಭಾನುವಾರ ಸಂಜೆ 5.30. ಮಠದ ಆವರಣ.' ಬಿಳಿಯ ಮೇಲೆ ಕಪ್ಪು. ಸುತ್ತ ಬೇಕಾದಷ್ಟು ಜಾಗ. ನವಿಲಿಲ್ಲ. ಠ-ದ ಚುಕ್ಕೆ ಸ್ವಸ್ಥಾನದಲ್ಲಿತ್ತು.

ಕಳಿಸುವ ಮೊದಲು ಒಮ್ಮೆ ನೋಡಿದರು. ಏನೋ ಕೊರತೆ ಅನ್ನಿಸಿತು. ಪ್ರತಿ ಸಾಲಿನ ಆಚೆಗೊಂದು, ಈಚೆಗೊಂದು ನಕ್ಷತ್ರದ ಗುರುತು ಹಾಕಿ, ಎರಡನ್ನೂ ದಪ್ಪ ಮಾಡಿ ಕಳಿಸಿದರು.