ದ್ವೀಪದಲ್ಲೊಂದು ತೋಟದ ಮನೆ

ಸೋಮನಹಳ್ಳಿಯಿಂದ ಅಮೆರಿಕಕ್ಕೆ ಹೋದವರಲ್ಲಿ ನಾಡಿಗೆಲ್ಲ ಗೊತ್ತಿರುವ ಹೆಸರು ಎಸ್.ಎಂ. ಕೃಷ್ಣ ಅವರದು. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್, ರಾಜಧಾನಿಯ ಜಾರ್ಜ್ ವಾಷಿಂಗ್ಟನ್, ಎರಡೂ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದು 1962ರಲ್ಲಿ ಮದ್ದೂರಿನ ಶಾಸಕರಾದರು. ಓದಿದ್ದಾಯಿತು, ಊರಿಗೆ ಬಂದದ್ದೂ ಆಯಿತು. ಆಮೇಲಿನ ತಲೆಮಾರಿನವರು ಓದು ಮುಗಿಸಿ ಅಲ್ಲೇ ಮನೆ ಕೊಳ್ಳುತ್ತಾರೆ. ಸಾಲ ಕೊಂಚ ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಮನೆಯ ಯೋಚನೆ ಹತ್ತಿಕೊಳ್ಳುತ್ತದೆ.

ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿರುವ ಗೌಡರ ಕಥೆಯೂ ಅದೇ. ಸೋಮನಹಳ್ಳಿಯ ಹುಡುಗ, ಮಂಡ್ಯದ ಪಿ.ಇ.ಎಸ್. ಕಾಲೇಜಿನ ಎಂಜಿನಿಯರ್, ಈಗ ಸಾಫ್ಟ್‌ವೇರ್. 2024ರ ವಸಂತದಲ್ಲಿ ವಿಡ್ಬಿ ದ್ವೀಪದ ಕೂಪ್‌ವಿಲ್ ಊರಿನ ಹತ್ತಿರ ಎರಡು ಕೋಣೆಯ ಕಾಟೇಜ್ ಕೊಂಡರು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವನಿಗೆ ದ್ವೀಪಕ್ಕೇನೂ ಬರವಿಲ್ಲ. ಶ್ರೀರಂಗಪಟ್ಟಣ ಕಾವೇರಿಯ ನಡುಗಡ್ಡೆ, ಮಳವಳ್ಳಿ ಕಡೆಯ ಶಿವನಸಮುದ್ರವೂ ನಡುಗಡ್ಡೆಯೇ. ಆದರೆ ಆಫೀಸಿನವರನ್ನು ಶನಿವಾರ ಊಟಕ್ಕೆ ಕರೆದು ಮೆರೆಯಲು ಅವೆರಡೂ ತುಸು ದೂರ.

ಮೇ ತಿಂಗಳಲ್ಲಿ ಅವ್ವ ಬಂದರು. ಮುಕಿಲ್ಟಿಯೋದಿಂದ ದ್ವೀಪದ ಕ್ಲಿಂಟನ್‌ಗೆ ಹಡಗಿನಲ್ಲಿ 20 ನಿಮಿಷದ ದಾರಿ. ಬೇಸಿಗೆಯ ಶುಕ್ರವಾರ ಸಂಜೆ ಆ 20 ನಿಮಿಷಕ್ಕಾಗಿ ಕಾರಿನ ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಆ ಸಾಲಿನಲ್ಲೇ ಪುಳಿಯೋಗರೆ ಡಬ್ಬಿ ಖಾಲಿಯಾಯಿತು, ಮಗಳ ಹೋಮ್‌ವರ್ಕ್ ಮುಗಿಯಿತು, ಗಂಡ ಹೆಂಡಿರ ಒಂದು ಸಣ್ಣ ಜಗಳವೂ ಮುಗಿದು ರಾಜಿಯಾಯಿತು. ಕಾರಿಗೆ ಎರಡೂ ಕಡೆ ಟಿಕೆಟ್. ಒಳಗೆ ಕೂತವರಿಗೆ ಮಾತ್ರ ದ್ವೀಪಕ್ಕೆ ಹೋಗುವಾಗಷ್ಟೇ. ಹಿಂದಿರುಗುವಾಗ ಕಾಸು ಕೇಳುವುದಿಲ್ಲ. ಅವ್ವನಿಗೆ ಇದರ ಗುಟ್ಟು ತಕ್ಷಣ ಹೊಳೆಯಿತು: "ಹೋಗೋರ ತಾವ ಈಸ್ಕತ್ತರೆ. ಬರೋರನ್ನ, ಪಾಪ, ಅನುಭವಿಸವ್ರೆ ಅಂತ ಬುಟ್ಬುಡ್ತರೆ."

ದ್ವೀಪದ ಉತ್ತರ ತುದಿಯಲ್ಲಿ 1935ರಲ್ಲಿ ಕಟ್ಟಿದ ಡಿಸೆಪ್ಷನ್ ಪಾಸ್ ಸೇತುವೆ ಇದೆ. ಸುತ್ತಿ ಬಳಸಿ ಅಲ್ಲಿಂದಲೂ ಬರಬಹುದು. "ಸೇತುವೆ ಇದ್ದ ಮ್ಯಾಲೆ ಇದೆಂತ ದ್ವೀಪ್ಲಾ?" ಎಂದರು ಅವ್ವ. ಶ್ರೀರಂಗಪಟ್ಟಣಕ್ಕೂ ಸೇತುವೆ ಇಲ್ವೇನವ್ವ ಎಂದು ಗೌಡರು ಬಾಯಿ ಮುಚ್ಚಿಸಿದರು. ಆ ವರ್ಷ ಅವರು ಗೆದ್ದ ಏಕೈಕ ವಾದ ಅದು.

ಸಿಯಾಟಲ್ ಎಂದರೆ ಮಳೆ ಎಂದೇ ಎಲ್ಲರ ನಂಬಿಕೆ. ಗೌಡರೂ ಅದನ್ನು ನಂಬಿಯೇ ಅಂಗಳಕ್ಕೆ ಗಿಡ ತಂದಿದ್ದರು. ಆದರೆ ಕೂಪ್‌ವಿಲ್ ಇರುವುದು ಒಲಿಂಪಿಕ್ ಬೆಟ್ಟಗಳ ಮಳೆ ನೆರಳಿನಲ್ಲಿ. ಸಮುದ್ರದಿಂದ ಬರುವ ಮೋಡ ಬೆಟ್ಟದ ಆಚೆಗೇ ಸುರಿದು ಹಗುರಾಗಿ ಈಚೆಗೆ ಬರುತ್ತದೆ. ವರ್ಷಕ್ಕೆ ಸುಮಾರು 20 ಅಂಗುಲ ಮಳೆ, ಅಂದರೆ ಮಂಡ್ಯಕ್ಕಿಂತಲೂ ಕಡಿಮೆ! ಬಯಲುಸೀಮೆ ಬಿಟ್ಟು ಅರ್ಧ ಭೂಮಿ ಸುತ್ತಿ ಬಂದು, ಸಾಲ ಮಾಡಿ, ಮತ್ತೆ ಬಯಲುಸೀಮೆಯನ್ನೇ ಕೊಂಡಂತಾಯಿತು. "ಇಲ್ಲಿ ನಾಲೆಗೆ ನೀರು ಬುಡಾಕಿಲ್ವಾ?" ಎಂದು ಅವ್ವ ಕೇಳಿದಾಗ ಗೌಡರು ಉತ್ತರಿಸಲಿಲ್ಲ. ಕುಡಿಯುವುದಕ್ಕೆ ಬಾವಿ ನೀರೇ ಗತಿ. ಹೆಚ್ಚಾಗಿ ಎತ್ತಿದರೆ ದಡದ ಬಾವಿಗಳಿಗೆ ಸಮುದ್ರದ ಉಪ್ಪು ನುಗ್ಗುತ್ತದೆ. ಹಾಗಾಗಿ ನೀರಿನಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸುತ್ತಿರಬೇಕು. ಮೂರು ಕಡೆ ಸಮುದ್ರ ಕಾಣುವ ಮನೆಯಲ್ಲಿ ಸ್ನಾನಕ್ಕೆ ಒಬ್ಬರಿಗೆ ಒಂದೇ ಬಕೆಟ್ ಎಂದು ಕಟ್ಟಳೆಯಾಯಿತು. ಅವ್ವನಿಗೆ ಇದರಿಂದ ಬೇಸರವೇನೂ ಆಗಲಿಲ್ಲ, ಅಭ್ಯಾಸದ ಪ್ರಮಾಣವೇ.

ಇನ್ನು ಗುಂಡಿಯ ವಿಚಾರ. ಕಾಟೇಜಿನ ಮಾರಾಟದ ಜಾಹೀರಾತುಗಳಲ್ಲಿ ಸೂರ್ಯಾಸ್ತ ಇರುತ್ತದೆ, ಸೆಪ್ಟಿಕ್ ಟ್ಯಾಂಕ್ ಇರುವುದಿಲ್ಲ. ವಾಷಿಂಗ್ಟನ್ ರಾಜ್ಯದ ನಿಯಮದಂತೆ ನೀರು ತಾನಾಗಿ ಇಳಿದು ಹೋಗುವ ಗುಂಡಿಗೆ ಮೂರು ವರ್ಷಕ್ಕೊಮ್ಮೆ ತಪಾಸಣೆ. ಪಂಪ್ ಗಿಂಪ್ ಇದ್ದರೆ ಪ್ರತಿವರ್ಷ. ಅಲ್ಲಿನ ಕೌಂಟಿಯವರು ಮನೆಯೊಡೆಯರಿಗಾಗಿಯೇ ತರಗತಿ ನಡೆಸುತ್ತಾರೆ. ಅದನ್ನು ಮುಗಿಸಿದವರು ತಮ್ಮ ಸಾದಾ ಗುಂಡಿಯನ್ನು ತಾವೇ ಪರೀಕ್ಷಿಸಿ ವರದಿ ಕೊಡಬಹುದು. ಬೇರೆಯವರಿಗೆ ಡಾಲರ್ ಎಣಿಸುವ ಬದಲು ತಾವೇ ಕಲಿಯೋಣ ಎಂದು ಗೌಡರು ಸೇರಿಕೊಂಡರು. ನೋಟ್ಸ್ ಬರೆದುಕೊಂಡರು, ಪಾಸಾದರು. ಮುಚ್ಚಳ ತೆಗೆದು, ಉದ್ದನೆಯ ಕೋಲು ಇಳಿಸಿ, ಮೇಲಿನ ಕೆನೆ ಎಷ್ಟು, ತಳದ ಗಸಿ ಎಷ್ಟು ಎಂದು ಅಳೆಯುವುದು ಈಗ ಅವರಿಗೆ ಕರತಲಾಮಲಕ. ಸರ್ಟಿಫಿಕೇಟಿನ ಫೋಟೋವನ್ನು ಹೆಮ್ಮೆಯಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಒಕ್ಕಣೆ ಓದದ ಮದ್ದೂರಿನ ಚಿಕ್ಕಪ್ಪ "ಡಾಕ್ಟರೇಟ್ ಬಂದದ್ದು ಸಂತೋಷ, ಇನ್ನೂ ಎತ್ತರಕ್ಕೆ ಏರು ಮಗ" ಎಂದು ಹರಸಿದರು. ಗೌಡರ ಹೆಂಡತಿ ಅದನ್ನು ತಿದ್ದಲು ಹೋಗಲಿಲ್ಲ, ಹೃದಯದ ಚಿಹ್ನೆ ಒತ್ತಿದರು.

ತೊಂದರೆ ಬಂದದ್ದು ಅವರೆಕಾಯಿಯಿಂದ. ಬಾಥೆಲ್‌ನ ದಿನಸಿ ಅಂಗಡಿಯಲ್ಲಿ ಸಿಕ್ಕ ಒಣ ಅವರೆಕಾಳನ್ನು ನೆನೆಸಿ ಮೊಳಕೆ ಬರಿಸಿದ್ದ ಅವ್ವ, ಅಂಗಳದಲ್ಲಿ ಹುಲ್ಲು ಎಲ್ಲಿ ಸೊಂಪಾಗಿದೆಯೋ ಅಲ್ಲಿ ಗುಳಿ ತೋಡಲು ಕೂತರು. ಅದು ಗುಂಡಿಯ ನೀರು ಇಂಗುವ ಜಾಗ, ಡ್ರೈನ್‌ಫೀಲ್ಡ್. ಅಲ್ಲಿ ತರಕಾರಿ ಬೆಳೆಯಬಾರದು ಎಂದು ತರಗತಿಯಲ್ಲಿ ಒತ್ತಿ ಹೇಳಿದ್ದರು.

"ಗೊಬ್ಬರ ಬಿದ್ದಿರೋ ಜಾಗ್ದಲ್ಲಿ ಬೆಳೀಬ್ಯಾಡ ಅಂತ ಕಾಸು ಈಸ್ಕೊಂಡು ಹೇಳ್ಕೊಟ್ರಾ?" ಎಂದು ಅವ್ವ ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

ಬೇರೆ ಕಡೆ ಹಾಕಿದ್ದಾಯಿತು. ಎಲೆ ಬಂದಾಗ ಜಿಂಕೆ ತಿಂದಿತು, ಉಳಿದದ್ದನ್ನು ಚಿಪ್ಪಿಲ್ಲದ ಬಸವನಹುಳು ಮೇಯಿತು. ಅಷ್ಟಾಗಿಯೂ ಬದುಕಿದ ಬಳ್ಳಿಗೆ ಹಗಲು ಕಿರಿದಾಗುವ ಹೊತ್ತಿಗೆ ಹೂವಿನ ನೆನಪು ಬಂತು. ಆ ಹೊತ್ತಿಗೆ ಅಲ್ಲಿ ಚಳಿಯೂ ಬಂದಿತ್ತು. ಸೊಗಡಿನ ಅವರೆಗೆ ಮಾಗಿ ಬೇಕು ನಿಜ, ಇಷ್ಟೊಂದು ಮಾಗಿ ಅಲ್ಲ.

ಸದ್ದಿನ ವಿಷಯದಲ್ಲಿ ಅವ್ವನೇ ಎಲ್ಲರಿಗಿಂತ ಸುಖಿ. ಕೂಪ್‌ವಿಲ್ ಬಳಿಯ ಮೈದಾನದಲ್ಲಿ ನೌಕಾಪಡೆಯ ಗ್ರೌಲರ್ ಜೆಟ್‌ಗಳು ಇಳಿದು ಏರುವ ಅಭ್ಯಾಸ ಮಾಡುತ್ತವೆ, ರಾತ್ರಿಯೂ. ಕಿಟಕಿ ಗಾಜು ಅದುರುತ್ತದೆ. ನಿಶ್ಶಬ್ದಕ್ಕೆಂದೇ ದುಡ್ಡು ಸುರಿದಿದ್ದ ಗೌಡರು ಕಿವಿಗೆ ಹತ್ತಿ ತುರುಕಿಕೊಂಡರೆ, ಬೆಂಗಳೂರು–ಮೈಸೂರು ಹೆದ್ದಾರಿಯ ಲಾರಿಗಳ ನಡುವೆಯೇ ಬಾಳಿದ ಅವ್ವನಿಗೆ ಬಾಥೆಲ್‌ನಲ್ಲಿ ಬಾರದ ನಿದ್ದೆ ಇಲ್ಲಿ ಬಂತು.

ಇಳಿತದ ಹೊತ್ತಿನಲ್ಲಿ ಕಡಲ ದಂಡೆಗೆ ಹೋದರೆ ಚಿಪ್ಪೋ ಚಿಪ್ಪು. ಪಕ್ಕದ ಪೆನ್ ಕೋವ್ ಕೊಲ್ಲಿ ಮಸೆಲ್ ಚಿಪ್ಪುಮೀನಿಗೆ ಅಮೆರಿಕದಲ್ಲೆಲ್ಲ ಹೆಸರುವಾಸಿ. ಎಲೆ ಅಡಿಕೆ ಹಾಕುವ ಅವ್ವನಿಗೆ ಕಂಡದ್ದು ಮೀನಲ್ಲ, ಸುಣ್ಣ. "ಈಸೊಂದು ಚಿಪ್ಪು ಸುಟ್ರೆ ಮದ್ದೂರು ಸಂತೆಗೇ ಸುಣ್ಣ ಆಯ್ತದೆ ಕಣ್ಲಾ" ಎಂದು ಸೆರಗಿಗೆ ತುಂಬಿಕೊಳ್ಳತೊಡಗಿದರು. ಅಲ್ಲಿಯ ಕಾನೂನು ಬಿಗಿ. ಚಿಪ್ಪುಮೀನು ಕೀಳಲು 15 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಪ್ರತಿಯೊಬ್ಬರಿಗೂ ಅವರದೇ ಪಾತ್ರೆ ಬೇಕು, ಆಯ್ಸ್ಟರ್ ಆದರೆ ಅಲ್ಲೇ ಒಡೆದು ಚಿಪ್ಪನ್ನು ದಂಡೆಯಲ್ಲೇ ಬಿಡಬೇಕು. ಮರಿಗಳು ಹಳೆಯ ಚಿಪ್ಪಿಗೇ ಅಂಟಿ ಬೆಳೆಯುವುದರಿಂದ ಈ ನಿಯಮ. ಮೊಮ್ಮಗಳು ಫಲಕ ಓದಿ ಹೇಳಿದಳು. ಅವ್ವ ಸೆರಗು ಕೊಡವಿದರು.

ನೆಂಟರು, ಸ್ನೇಹಿತರು ಬಂದದ್ದು ಬೇಸಿಗೆಯಿಡೀ. ಬಂದವರು ಮಂಚ, ಸೋಫಾ, ಚಾಪೆ ಎಲ್ಲ ತುಂಬಿ, ಮುದ್ದೆ ಕೋಳಿ ಸಾರು ಉಂಡು, ಬಕೆಟ್ ಕಟ್ಟಳೆ ಮುರಿದು ಹೋದರು. ಗುಂಡಿಯ ಕೋಲು ಮಾತ್ರ ಸುಳ್ಳು ಹೇಳುವುದಿಲ್ಲ. ಅಳತೆ ನೋಡಿಯೇ ಎಷ್ಟು ಜನ ಬಂದು ಹೋದರೆಂದು ಗೌಡರು ಹೇಳಬಲ್ಲವರಾದರು.

ಅವ್ವ ಊರಿಗೆ ಹೋದ ಮೇಲೆ, ನವೆಂಬರ್ 19ರಂದು ಬಾಂಬ್ ಸೈಕ್ಲೋನ್ ಎಂಬ ಬಿರುಗಾಳಿ ಎದ್ದು ಪಶ್ಚಿಮ ವಾಷಿಂಗ್ಟನ್‌ನಲ್ಲಿ ಲಕ್ಷಾಂತರ ಮನೆಗಳ ಕರೆಂಟ್ ಹೋಯಿತು. ಗೌಡರ ಎರಡು ಮನೆ, ಎರಡು ಸಾಲ, ಎರಡೂ ಕತ್ತಲು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಸೀಮೆಯಿಂದ ಫೋನ್ ಬಂತು: "ಕರೆಂಟ್ ಇಲ್ವಾ? ಅಮೇರಿಕದಾಗೂವೆ? ಇಲ್ಲಿ ಹಗಲೊತ್ನಲ್ಲೂ ಬೀದಿದೀಪ ಉರೀತಾ ಅವೆ ಕಣಪ್ಪ."

ವರ್ಷ ತುಂಬಿದಾಗ ಅವ್ವ ಲೆಕ್ಕ ಕೇಳಿದರು.

"ಏನ್ ಬೆಳೆದ್ಲಾ ಅಲ್ಲಿ?"

"ಏನೂ ಇಲ್ಲ ಕಣವ್ವ. ಮಾರ್ಬುಡವಾ ಅಂತವ್ಳೆ ನಿನ್ ಸೊಸೆ."

"ಒಂದೊರ್ಸ ಬೆಳೆ ಹೋದ್ರೆ ಜಮೀನ್ ಮಾರಾರಾ? ಬೇಲಿ ಹಾಕ್ಸು. ಮೇ ತಿಂಗ್ಳಿಗೆ ಟಿಕೆಟ್ ಮಾಡು."

ಟಿಕೆಟ್ ಆಗಿದೆ. ಗೌಡರು ಜಿಂಕೆಗೆ ಎಟುಕದಷ್ಟು ಎತ್ತರದ ಬೇಲಿಗೆ ಗೂಟ ನೆಡುತ್ತಿದ್ದಾರೆ. ಡ್ರೈನ್‌ಫೀಲ್ಡ್ ಮೇಲೆ ಗುಳಿ ತೋಡುವಂತಿಲ್ಲವಾದ್ದರಿಂದ ಬೇಲಿ ನಡುವೆ ಎರಡು ಕಡೆ ಸೊಟ್ಟಗೆ ತಿರುಗಿದೆ.