ಫೈಲ್ ಕೆಟ್ಟಿಲ್ಲ, ವೇಷ ಕಳಚಿದೆ

ಕನ್ನಡದ ಹಳೇ ಫೈಲ್ ತೆರೆಯದಿದ್ದರೆ 'ವೈರಸ್ ಬಂದಿದೆ' ಎಂದು ತೀರ್ಪು ಕೊಡುವವರಿಗೆ ಹೊಸಪೇಟೆಯಲ್ಲೂ ಬರವಿಲ್ಲ, ಕಂಪ್ಲಿಯಲ್ಲೂ ಇಲ್ಲ. ಪಾಪ, ವೈರಸ್ಸಿನ ತಪ್ಪೇನೂ ಇರುವುದಿಲ್ಲ. ಫೈಲ್ ತೆರೆದೇ ಇರುತ್ತದೆ, ಒಳಗೆ ಕನ್ನಡ ಇರುವುದಿಲ್ಲ, ಅಷ್ಟೆ. ಹಳೆಯ ನುಡಿ ಫಾಂಟಿನಲ್ಲಿ 'ಕ' ಎಂದು ಕಾಣುವುದು ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟು ಹೊತ್ತ ಒಂದು ಎ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಲಗ್ನಪತ್ರಿಕೆ ಫ್ರೆಂಚರ ಜಗಳದಂತೆ ಕಾಣುತ್ತದೆ. ಅಕ್ಷರಗಳನ್ನೆಲ್ಲ ಆರಿಸಿ ನುಡಿ ಫಾಂಟ್ ಹಾಕಿ ನೋಡಿ. ಕನ್ನಡ ಮೂಡಿದರೆ ಫೈಲ್ ಆರೋಗ್ಯವಾಗಿದೆ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡಿಗೆ ಪರಿವರ್ತಿಸಿದರಾಯಿತು.

1991ರಿಂದಲೇ ಯುನಿಕೋಡಿನಲ್ಲಿ ಕನ್ನಡವಿದೆಯಲ್ಲ, ಹಳೇ ಫಾಂಟ್ ಯಾಕೆ ಎನ್ನಬಹುದು. ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿಗೆ ಯುನಿಕೋಡ್ ಒಗ್ಗದು, ಮುದ್ರಕರಿಗೆ ಪೇಜ್‌ಮೇಕರ್ ಬಿಡಲು ಮನಸ್ಸಾಗದು. ಕಲ್ಲಿನ ಬರಹಕ್ಕೆ ಈ ತಾಪತ್ರಯವಿಲ್ಲ. ಹಂಪಿ ಬಜಾರಿನ ತುದಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಶಾಸನ ಐನೂರು ವರ್ಷ ದಾಟಿದರೂ ತೆರೆದೇ ಇದೆ. ಅದನ್ನು ಓದಲೂ ಪಂಡಿತರೇ ಬೇಕು, ನಿಜ. ಆದರೆ ಆ ಕಲ್ಲು ಫಾಂಟ್ ಕೇಳುವುದಿಲ್ಲ. ಸದ್ಯಕ್ಕೆ ಲಗ್ನಪತ್ರಿಕೆಯ ಪಿಡಿಎಫ್ ಮಾಡಿಸಿಕೊಳ್ಳಿ, ಫಾಂಟೂ ಜೊತೆಗೇ ಬರುತ್ತದೆ. ಮುಹೂರ್ತ ಬದಲಾದರೆ ಮಾತ್ರ ತಿದ್ದಿಸಲು ಮತ್ತೆ ಅದೇ ಮುದ್ರಕರ ಅಂಗಡಿ.